ಕಡಲ ಪಾಚಿಯ ಗಂಜಿ ಕುಡಿದ ಚಾತುರ್ಮಾಸ್ಯ

ಹೊಟ್ಟೆನೋವು ಎಂದರೆ ನಮ್ಮ ಊರಿನಲ್ಲಿ ಯಾರೂ ಹೆದರುವುದಿಲ್ಲ. ಜ್ವರ ಬಂದವರನ್ನು ನೋಡಲು ಬ್ರೆಡ್ ಹಿಡಿದುಕೊಂಡು ಬರುತ್ತಾರೆ. ಕಾಲು ಮುರಿದವರ ಪಕ್ಕದಲ್ಲಿ ಕುಳಿತು ಅಯ್ಯೋ ಪಾಪ ಎನ್ನುತ್ತಾರೆ. ಹೊಟ್ಟೆನೋವಿನವರಿಗೆ ಸಿಗುವುದು ಬರೀ ಉಪದೇಶ. ಖಾರ ಬಿಡು, ಕಾಫಿ ಬಿಡು, ನಿನ್ನದು ಪಿತ್ತದ ಶರೀರ, ಬೆಳಿಗ್ಗೆ ಎದ್ದ ಕೂಡಲೇ ಜೀರಿಗೆ ಕಷಾಯ ಕುಡಿ, ಸಿಟ್ಟು ಕಡಿಮೆ ಮಾಡು. ಈ ಕೊನೆಯ ಮಾತು ಹೇಳಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಎಲ್ಲೋ ಒಂದು ಮನೆಯಲ್ಲಿ ಯಾರೋ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು, ಯಾರಿಗೂ ಹೇಳದೆ ಮಲಗಿರುತ್ತಾರೆ ಎಂದು ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಪದೇಶ ಮಾಡುವುದಿಲ್ಲ. ನನಗೆ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಾವು ಕಾಪುವಿನಲ್ಲಿದ್ದೆವು. ನಾನು ಅಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಇವರು, ಅಂದರೆ ನನ್ನ ಯಜಮಾನರು, ಉಡುಪಿಯ ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮಗಳು ಉಷಾ ಆಗ ಮೂರನೆಯ ಕ್ಲಾಸು. ಮನೆಯ ನಾಲ್ಕನೆಯವರು ಅತ್ತೆ. ನಮ್ಮದು ಉಡುಪಿಯ ದೇವಸ್ಥಾನಗಳ ಸಂಬಂಧ ಇರುವ ಕುಟುಂಬ, ಮನೆಮಾತು ತುಳು, ಮಡಿ ಮೈಲಿಗೆಯ ಲೆಕ್ಕಾಚಾರ ಜೋರು. ಅಡುಗೆಮನೆ ಅತ್ತೆಯ ರಾಜ್ಯ. ಅಲ್ಲಿ ಈರುಳ್ಳಿ ಕೂಡ ಒಳಗೆ ಬಂದದ್ದಿಲ್ಲ.

ನನ್ನ ನೋವಿಗೆ ಒಂದೇ ಜಾಗ. ಎದೆಗೂಡು ಮುಗಿಯುವಲ್ಲಿ, ಬೆರಳಿಟ್ಟು ತೋರಿಸುವಷ್ಟು ಸಣ್ಣ ಜಾಗ. ಹೊಟ್ಟೆ ಖಾಲಿಯಾದರೆ ಅಲ್ಲಿ ಉರಿ ಏಳುತ್ತಿತ್ತು. ಏನಾದರೂ ತಿಂದರೆ ಸ್ವಲ್ಪ ಅಡಗಿ ಮತ್ತೆ ಏಳುತ್ತಿತ್ತು. ಪಾಠ ಮಾಡುವಾಗ ಮೇಜಿನ ಅಂಚಿಗೆ ಆ ಜಾಗವನ್ನು ಒತ್ತಿಕೊಂಡು ನಿಲ್ಲುವುದು ನನಗೆ ಅಭ್ಯಾಸವಾಗಿತ್ತು. ಮಕ್ಕಳು ಟೀಚರ್ ನಿಲ್ಲುವುದೇ ಹಾಗೆ ಎಂದುಕೊಂಡಿದ್ದರು. ಕಾಪುವಿನ ಡಾಕ್ಟರು ಗುಲಾಬಿ ಬಣ್ಣದ ಔಷಧಿ ಬಾಟಲಿ ಕೊಟ್ಟು, ಹಾಲು ಕುಡಿಯಿರಿ ಎಂದಿದ್ದರು. ಅಂದಿನಿಂದ ಅತ್ತೆ ನನಗಾಗಿ ಹಾಲು ಕಾಯಿಸಿ ಇಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಶಾಲೆಗೆ ಕೂಡ ಬಾಟಲಿಯಲ್ಲಿ ಹಾಲು ಬರುತ್ತಿತ್ತು. ವರ್ಷಗಟ್ಟಲೆ ಹಾಲು ಕುಡಿದೆ. ನಾನು ದಪ್ಪಗಾದೆ, ನೋವೂ ನನ್ನ ಜೊತೆ ದಪ್ಪಗಾಯಿತು.

ಆ ವರ್ಷ ಮಳೆ ಶುರುವಾದ ಹೊಸದರಲ್ಲಿ ಕಾರ್ಕಳದ ಅಣ್ಣನ ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲು ಶಾಸ್ತ್ರ ಇತ್ತು. ಊಟಕ್ಕೆ ಎಲೆ ಹಾಕಿದ್ದರು. ನನಗೆ ಬೆಳಿಗ್ಗೆಯಿಂದ ತಲೆ ತಿರುಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಮದುವೆಯಾಗಿ ಹೋದ ಹೆಣ್ಣು ತವರಿನ ಕಾರ್ಯಕ್ರಮದಲ್ಲಿ ಹೊಟ್ಟೆನೋವು ಎಂದು ಒಳಗೆ ಹೋಗಿ ಮಲಗಿದರೆ ಎಷ್ಟು ಜನ ಎಷ್ಟು ಬಗೆಯಲ್ಲಿ ಮಾತಾಡುತ್ತಾರೆ! ಪಾಯಸದ ಹೊತ್ತಿಗೆ ಎದ್ದು ಹಿತ್ತಿಲಿಗೆ ಓಡಿದೆ. ಬಾವಿಕಟ್ಟೆಯ ಹತ್ತಿರ ವಾಂತಿಯಾಯಿತು. ಕಾಫಿ ಚರಟದ ಹಾಗೆ ಕಪ್ಪಗಿತ್ತು. ಅತ್ತಿಗೆ ಹಿಂದೆಯೇ ಬಂದವಳು ಅದನ್ನು ನೋಡಿ ನೀರು ಹೊಯ್ಯುವುದನ್ನು ಮರೆತು ನಿಂತುಬಿಟ್ಟಳು. ಇದು ರಕ್ತ ಎಂದು ನನಗೆ ಹೊಳೆಯಲಿಲ್ಲ. ಅವಳ ಮುಖ ನೋಡಿ ಹೊಳೆಯಿತು.

ಅಣ್ಣ ಬಾಡಿಗೆ ಕಾರು ತಂದ. ಹಿಂದಿನ ಸೀಟಿನಲ್ಲಿ ಇವರ ತೊಡೆಯ ಮೇಲೆ ತಲೆಯಿಟ್ಟು ಮಣಿಪಾಲದವರೆಗೆ ಹೋದೆ. ಅಷ್ಟು ವರ್ಷಗಳಲ್ಲಿ ಇವರು ನಾಲ್ಕು ಜನರ ಎದುರು ನನ್ನ ಕೈ ಹಿಡಿದದ್ದು ಅದೇ ಮೊದಲು. ದಾರಿಯುದ್ದಕ್ಕೂ ಬಾಯಲ್ಲಿ ಏನೋ ಸ್ತೋತ್ರ ಹೇಳುತ್ತಿದ್ದರು, ಸಂಸ್ಕೃತ ಪಂಡಿತರಿಗೆ ಅರ್ಧದಲ್ಲಿ ಶ್ಲೋಕ ಮರೆತುಹೋಗುತ್ತಿತ್ತು. ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ರಕ್ತ ಕೊಟ್ಟರು, ಗ್ಲೂಕೋಸ್ ಹಾಕಿದರು. ಪ್ರಾಣ ಉಳಿಯಿತು. ಮೂರ್ನಾಲ್ಕು ದಿನ ಕಳೆದ ಮೇಲೆ ಹೊಟ್ಟೆಯೊಳಗೆ ಟ್ಯೂಬ್ ಇಳಿಸಿ ನೋಡಬೇಕು ಎಂದರು. ಆ ಕೋಣೆಯ ಹೊರಗಿನ ಬೆಂಚನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಫಿನಾಯಿಲ್ ವಾಸನೆ, ಎಲ್ಲರ ಕೈಯಲ್ಲೂ ಚೀಟಿ, ಯಾರ ಹೊಟ್ಟೆಯಲ್ಲೂ ನೀರಿಲ್ಲ. ಒಳಗಿನಿಂದ ಯಾರೋ ಓಕರಿಸುವ ಸದ್ದು ಕೇಳಿದಾಗಲೆಲ್ಲ ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ನೆಲ ನೋಡುತ್ತಿದ್ದರು. ಹೆಬ್ರಿಯ ಕಡೆಯ ಒಬ್ಬ ಮುದುಕಿ ನನ್ನ ಬಿಳಿಚಿದ ಮುಖ ನೋಡಿ ತಾನು ಎದ್ದು ಗೋಡೆಗೆ ಒರಗಿ ನಿಂತು, ಮಲಗು ಮಗಾ ಎಂದಳು. ಆಕೆಯೂ ರೋಗಿಯೇ. ಅವಳ ಹೆಸರು ಕೇಳುವಷ್ಟು ತ್ರಾಣವೂ ನನ್ನಲ್ಲಿ ಇರಲಿಲ್ಲ.

ಒಳಗೆ ಗಂಟಲಿಗೆ ಏನೋ ಕಹಿ ಸಿಂಪಡಿಸಿದರು. ನಾಲಿಗೆ ನನ್ನದಲ್ಲ ಎನ್ನುವ ಹಾಗೆ ಮರಗಟ್ಟಿತು. ಹಲ್ಲಿನ ನಡುವೆ ಪ್ಲಾಸ್ಟಿಕ್ಕಿನ ಬಳೆ ಇಟ್ಟು ಹೆಬ್ಬೆರಳು ದಪ್ಪದ ಕರಿ ಟ್ಯೂಬ್ ಇಳಿಸಿದರು. ಕಣ್ಣಲ್ಲಿ ಮೂಗಲ್ಲಿ ನೀರು. ಒಬ್ಬ ನರ್ಸ್ ನನ್ನ ಹಣೆಯ ಮೇಲೆ ಕೈಯಿಟ್ಟು, ಮೂಗಿನಲ್ಲಿ ಉಸಿರಾಡಿ ಟೀಚರ್, ಆಯಿತು, ಈಗ ಆಯಿತು ಎಂದು ಸುಳ್ಳು ಹೇಳುತ್ತಲೇ ಇದ್ದಳು. ಆ ಕೈ ಇಲ್ಲದಿದ್ದರೆ ನಾನು ಟ್ಯೂಬನ್ನು ಕಿತ್ತು ಎಸೆದು ಓಡುತ್ತಿದ್ದೆ.

ದೊಡ್ಡ ಹುಣ್ಣು ಇತ್ತು. ಹಿರಿಯ ಡಾಕ್ಟರು ಹೆಚ್ಚು ಮಾತಾಡುವವರಲ್ಲ. ಇನ್ನೊಮ್ಮೆ ರಕ್ತ ಹೋದರೆ ಉಳಿಸಿಕೊಳ್ಳುವುದು ಕಷ್ಟ, ಹೊಟ್ಟೆಯ ಅರ್ಧ ಭಾಗ ಕತ್ತರಿಸಿ ತೆಗೆಯುವುದು ಒಳ್ಳೆಯದು ಎಂದರು. ಒಳ್ಳೆಯದು ಎಂಬ ಶಬ್ದವನ್ನು ಹೀಗೂ ಬಳಸಬಹುದು ಎಂದು ನನಗೆ ಅಂದು ಗೊತ್ತಾಯಿತು. ನನ್ನ ಚಿಕ್ಕಮ್ಮ ಇಂಥದ್ದೇ ಆಪರೇಷನ್ನಿಗೆಂದು ಮಂಗಳೂರಿಗೆ ಹೋದವಳು ಬಿಳಿ ಬಟ್ಟೆಯಲ್ಲಿ ಮನೆಗೆ ಬಂದಿದ್ದಳು. ನಾನು ಒಪ್ಪಲಿಲ್ಲ. ಇವರು ಅತ್ತರು, ಅಣ್ಣ ಬೈದ. ಗೋಡೆಯ ಕಡೆ ತಿರುಗಿ ಮಲಗಿ ಉಷಾಳ ಜಡೆ ಯಾರು ಹಾಕುತ್ತಾರೆ ಎಂದು ಯೋಚಿಸುತ್ತಿದ್ದೆ. ಬೇರೆ ಯಾವ ಯೋಚನೆಯೂ ತಲೆಗೆ ಬರುತ್ತಿರಲಿಲ್ಲ.

ಆಗ ಬಂದವರು ಸಣ್ಣ ಡಾಕ್ಟರು. ಹಿರಿಯರ ಕೈಕೆಳಗಿನವರು, ಇನ್ನೂ ಮದುವೆಯಾಗದ ಹುಡುಗ, ಆದ್ದರಿಂದ ನಾವು ಅವರಿಗೆ ಹಾಕಿದ ಹೆಸರು ಅದು. ಹೊಟ್ಟೆಯ ಹುಣ್ಣಿಗೆ ಕಾರಣ ಖಾರವೂ ಅಲ್ಲ, ಸಿಟ್ಟೂ ಅಲ್ಲ, ಒಂದು ಕ್ರಿಮಿ ಎಂದು ಹೊರದೇಶದಲ್ಲಿ ಈಚೆಗೆ ಹೇಳುತ್ತಿದ್ದಾರಂತೆ. ನನ್ನ ಹೊಟ್ಟೆಯಿಂದ ಚಿವುಟಿ ತೆಗೆದ ಚೂರಿನಲ್ಲಿ ಅದನ್ನು ಅವರು ಕಂಡಿದ್ದರಂತೆ. ಮೂರು ಬಗೆಯ ಮಾತ್ರೆಗಳನ್ನು ಎರಡು ವಾರ ನುಂಗಿದರೆ ಅದು ಸಾಯಬಹುದು, ಹುಣ್ಣು ಮಾಯಬಹುದು. ಹಿರಿಯರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ, ಆದರೂ ಪ್ರಯತ್ನಿಸಿ ನೋಡು ಎಂದು ಬಿಟ್ಟಿದ್ದರು. ಮಾಯದಿದ್ದರೆ ಆಪರೇಷನ್. ಅದಕ್ಕೆ ನಾನು ಮೊದಲೇ ಒಪ್ಪಿ ಮಾತು ಕೊಡಬೇಕಾಯಿತು. ಸಿಟ್ಟು ಕಾರಣ ಅಲ್ಲ ಎಂದು ಒಬ್ಬ ಡಾಕ್ಟರು ಹೇಳಿದ್ದೇ ನನಗೆ ಅರ್ಧ ಔಷಧಿ.

ಮಾತ್ರೆಗಳ ಜೊತೆಗೆ ಅವರು ಕೊಟ್ಟದ್ದು ಒಂದು ಡಬ್ಬಿ ಹಸಿರುಗಪ್ಪು ಪುಡಿ. ಅವರ ಗೆಳೆಯರೊಬ್ಬರು ಕಾಲೇಜಿನಲ್ಲಿ ಕಡಲ ಪಾಚಿಯ ಮೇಲೆ ಕೆಲಸ ಮಾಡುತ್ತಿದ್ದರು. ಬೇಸಿಗೆಯಲ್ಲಿ ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಗಳಿಂದ ಕಿತ್ತು, ತೊಳೆದು, ಒಣಗಿಸಿ ಮಾಡಿದ ಪುಡಿ. ನೀರಿನಲ್ಲಿ ಕುದಿಸಿದರೆ ಅಂಟಂಟಾದ ಗಂಜಿಯಾಗುತ್ತದೆ, ಹುಣ್ಣಿನ ಮೇಲೆ ಲೇಪದಂತೆ ಕೂರುತ್ತದೆ, ಅದರಲ್ಲಿರುವ ಸತ್ವಕ್ಕೆ ಕ್ರಿಮಿಯ ಮೇಲೂ ಸ್ವಲ್ಪ ಪರಿಣಾಮ ಇರಬಹುದು ಎಂದು ಆ ಗೆಳೆಯರ ಊಹೆ. ಆ ಬಂಡೆಗಳನ್ನು ನಾನು ಎಷ್ಟು ಸಲ ಹತ್ತಿ ಇಳಿದಿದ್ದೆ, ಕಾಲು ಜಾರುತ್ತದೆ ಎಂದು ಆ ಪಾಚಿಗೆ ಎಷ್ಟು ಬೈದಿದ್ದೆ. ಸಣ್ಣ ಡಾಕ್ಟರು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದರು.

"ಟೀಚರ್, ಇದು ಔಷಧಿ ಅಲ್ಲ, ಔಷಧಿಗೆ ಜೊತೆ ಮಾತ್ರ. ಇದನ್ನು ನಂಬಿ ಮಾತ್ರೆ ಬಿಟ್ಟರೆ ನಿಮ್ಮನ್ನು ಉಳಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಆ ಡಬ್ಬಿ ಹಿಡಿದು ಮನೆಗೆ ಬರುವಾಗ ಆಷಾಢದ ಏಕಾದಶಿ ಕಳೆದು ಚಾತುರ್ಮಾಸ್ಯ ಶುರುವಾಗಿತ್ತು. ನಮ್ಮಲ್ಲಿ ಆ ನಾಲ್ಕು ತಿಂಗಳು ತಿಂಗಳಿಗೊಂದು ವ್ರತ. ಮೊದಲನೆಯದು ಶಾಕವ್ರತ, ಸೊಪ್ಪು ತರಕಾರಿ ಹಣ್ಣು ಮುಟ್ಟುವಂತಿಲ್ಲ. ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದಕ್ಕೆ ಹಾಲಿಲ್ಲ, ನಾಲ್ಕನೆಯದಕ್ಕೆ ಬೇಳೆಕಾಳಿಲ್ಲ. ಅತ್ತೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮುಖವನ್ನು ಇಷ್ಟು ದೂರ ಸರಿಸಿ, ಇದು ಎಂತದು ಎಂದು ಕೇಳಿದರು. ಕಡಲಿನ ಗಿಡ ಎಂದೆ.

"ಗಿಡ ಆದರೆ ಶಾಕವ್ರತಕ್ಕೆ ಆಗುವುದಿಲ್ಲ. ಗಿಡ ಅಲ್ಲ ಅಂತಾದರೆ ಮೀನಿನ ಜಾತಿ. ಎಂತ ಮಾಡುವುದು ಹೇಳು ನೀನೇ."

ನಗು ಬಂತು, ನಕ್ಕರೆ ಹೊಟ್ಟೆ ನೋಯುತ್ತಿತ್ತು. ಇವರು ಪಂಡಿತರ ಗತ್ತಿನಲ್ಲಿ, ಮದುವೆ ಮನೆಗಳಲ್ಲಿ ಈಗ ಫ್ರೂಟ್ ಸಲಾಡಿನ ಜೊತೆ ಜೆಲ್ಲಿ ಕೊಡುತ್ತಾರಲ್ಲ, ಅದಕ್ಕೆ ಹಾಕುವ ಚೀನಾ ಗ್ರಾಸ್ ಕೂಡ ಕಡಲ ಪಾಚಿಯೇ ಎಂದು ವಾದ ಹೂಡಿದರು. ಅತ್ತೆ ಹೌದಾ ಎಂದು ಕೇಳಿ, ಹಾಗಾದರೆ ಇನ್ನು ಅದನ್ನೂ ತಿನ್ನುವುದಿಲ್ಲ ಎಂದುಬಿಟ್ಟರು. ಕೊನೆಗೆ ಇವರು ಮನೆತನದ ಪುರೋಹಿತರನ್ನು ಕೇಳಿಕೊಂಡು ಬಂದರು. ಔಷಧಿಯಾಗಿ ತೆಗೆದುಕೊಂಡರೆ ದೋಷವಿಲ್ಲ ಎಂದರಂತೆ. ಅತ್ತೆ ಒಪ್ಪಿದರು, ಅಡುಗೆಮನೆಯ ಒಲೆ ಮಾತ್ರ ಕೊಡಲಿಲ್ಲ. ಬಚ್ಚಲಿನ ಒಲೆಯ ಮೇಲೆ, ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ನನ್ನ ಗಂಜಿ ಕುದಿಯಿತು. ಮೊದಲ ದಿನ ಮೂಗು ಮುಚ್ಚಿ ಕುಡಿದೆ. ಇಳಿತದ ಹೊತ್ತಿನ ಕಡಲನ್ನು ಬಟ್ಟಲಿಗೆ ಹಾಕಿ ಕೊಟ್ಟ ಹಾಗಿತ್ತು. ಆದರೆ ಒಳಗೆ ಹೋದ ಮೇಲೆ ಉರಿ ಸ್ವಲ್ಪ ತಗ್ಗುತ್ತಿತ್ತು, ಅದು ಸುಳ್ಳಲ್ಲ.

ಪಾಚಿಯ ಗಲಾಟೆಯಲ್ಲಿ ಮಾತ್ರೆಗಳ ಕಡೆ ಯಾರ ಗಮನವೂ ಹೋಗಲಿಲ್ಲ. ಮೂರರಲ್ಲಿ ಒಂದು ಹಳದಿ ಬಣ್ಣದ ಕ್ಯಾಪ್ಸೂಲ್. ಪಕ್ಕದ ಮನೆಯ ಒಬ್ಬರು ಅದನ್ನು ನೋಡಿ, ಇದರ ಮೇಲಿನ ಸಿಪ್ಪೆಯನ್ನು ದನದ ಎಲುಬಿನಿಂದ ಮಾಡುತ್ತಾರೆ ಎಂದು ಅತ್ತೆಯ ಕಿವಿಯಲ್ಲಿ ಹೇಳಿ ಹೋದರು. ಅತ್ತೆ ದೊಡ್ಡ ರಾದ್ಧಾಂತ ಮಾಡಲಿಲ್ಲ. ದಿನಾ ನಾಲ್ಕು ಹೊತ್ತೂ ಕ್ಯಾಪ್ಸೂಲನ್ನು ತಾವೇ ಜಗಲಿಯಲ್ಲಿ ಕುಳಿತು ಒಡೆದು, ಸಿಪ್ಪೆಯನ್ನು ಹೊರಗೆ ಎಸೆದು, ಹಳದಿ ಪುಡಿಯನ್ನು ಬಿಸಿ ಹಾಲಿನಲ್ಲಿ ಕದಡಿ ಸಕ್ಕರೆ ಹಾಕಿ ಕೊಡುತ್ತಿದ್ದರು. ಕಹಿ ಗೊತ್ತಾಗದಿರಲಿ ಎಂದು ಚಮಚದಿಂದ ಎಷ್ಟೋ ಹೊತ್ತು ತಿರುಗಿಸುತ್ತಿದ್ದರು. ನನಗೂ ಅದು ಸರಿಯೆಂದೇ ಕಂಡಿತು. ಹುಣ್ಣಿಗೆ ಹಾಲು ಒಳ್ಳೆಯದು ಎಂದು ವರ್ಷಗಳಿಂದ ಕೇಳಿದವಳು ನಾನು.

ಎರಡನೆಯ ದಿನವೋ ಮೂರನೆಯ ದಿನವೋ ಪಾಯಿಖಾನೆಯಲ್ಲಿ ನೋಡಿದರೆ ಎಲ್ಲ ಕರ್ರಗೆ. ಕಾರ್ಕಳದ ಬಾವಿಕಟ್ಟೆ ಕಣ್ಣೆದುರು ಬಂತು. ಮತ್ತೆ ರಕ್ತ ಹೋಗುತ್ತಿದೆ, ಮುಗಿಯಿತು ಎಂದುಕೊಂಡೆ. ಹೊರಗೆ ಬಂದು ಉಷಾಳನ್ನು ಹತ್ತಿರ ಕೂರಿಸಿಕೊಂಡು, ಅಜ್ಜಿ ಹೇಳಿದ ಹಾಗೆ ಕೇಳಬೇಕು, ಅಪ್ಪನಿಗೆ ತೊಂದರೆ ಕೊಡಬಾರದು ಎಂದೆಲ್ಲ ಹೇಳಿದೆ. ಮಗು ಹೂಂ ಎಂದು ತಲೆಯಾಡಿಸುತ್ತಾ ನನ್ನ ಸೆರಗಿನ ತುದಿ ಬಿಡಲೇ ಇಲ್ಲ. ಸಂಜೆ ಇವರು ಬಂದಾಗ ವಿಷಯ ಹೇಳಿದರೆ ತಲೆ ತಗ್ಗಿಸಿದರು. ಒಂದು ಮಾತ್ರೆಯಿಂದ ಹೊರಕಡೆ ಕಪ್ಪಗೆ ಹೋಗುತ್ತದೆ, ನಾಲಿಗೆಯೂ ಕಪ್ಪಾಗುತ್ತದೆ, ಹೆದರಬೇಡಿ ಎಂದು ಸಣ್ಣ ಡಾಕ್ಟರು ಇವರಿಗೆ ಹೇಳಿದ್ದರಂತೆ. ಅಮ್ಮನ ಎದುರಿಗೆ ಅಂಥ ಮಾತನ್ನು ಹೇಗೆ ಹೇಳುವುದು ಎಂದು ಇವರು ಸುಮ್ಮನಿದ್ದರಂತೆ. ನನಗೆ ಆಗ ಬಂದ ಸಿಟ್ಟು ಯಾವ ಕ್ರಿಮಿಯನ್ನೂ ಕೊಲ್ಲುವಷ್ಟಿತ್ತು.

ಎರಡು ವಾರ ಮುಗಿಯಿತು. ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣ ಚೀಪಿದ ರುಚಿ, ಎದ್ದರೆ ತಲೆಸುತ್ತು. ಆದರೂ ಆಸೆ ಇತ್ತು. ಸ್ವಲ್ಪ ದಿನ ಬಿಟ್ಟು ಮಣಿಪಾಲಕ್ಕೆ ಹೋಗಿ ಅದೇ ಬೆಂಚು, ಅದೇ ಕಹಿ, ಅದೇ ಕರಿ ಟ್ಯೂಬ್. ಸಣ್ಣ ಡಾಕ್ಟರ ಮುಖ ನೋಡಿದ ಕೂಡಲೇ ತಿಳಿಯಿತು. ಹುಣ್ಣು ಇದ್ದ ಹಾಗೆಯೇ ಇತ್ತು. ಕ್ರಿಮಿಯೂ ಇತ್ತು. ಹಿರಿಯ ಡಾಕ್ಟರು ಆಪರೇಷನ್ನಿನ ದಿನದ ಮಾತು ತೆಗೆದರು. ಕಟುವಾಗಿ ಅಲ್ಲ, ಮೆತ್ತಗೆಯೇ ಹೇಳಿದರು. ಆ ಮೆತ್ತಗಿನ ದನಿಯೇ ನನ್ನನ್ನು ಕೊಂದಿತು.

ಮುಂದಿನ ವಾರಗಳು ನನ್ನ ಬದುಕಿನ ಅತಿ ಕೆಟ್ಟ ದಿನಗಳು. ಶಾಲೆಗೆ ಹೋಗಲಿಲ್ಲ. ಯಾರು ಬಂದರೂ ಮಾತಾಡಲಿಲ್ಲ. ಕಿಟಕಿಯಿಂದ ಮಳೆಗಾಲದ ಕಡಲಿನ ಮೊರೆತ ಹಗಲೆಲ್ಲ ಕೇಳುತ್ತಿತ್ತು. ಸುಮ್ಮನೆ ಇನ್ನೊಮ್ಮೆ ರಕ್ತ ಹೋಗಿ ಎಲ್ಲ ಮುಗಿಯಲಿ, ಆಪರೇಷನ್ ಟೇಬಲ್ಲಿನ ಮೇಲೆ ಮಲಗುವ ಮೊದಲೇ ಮುಗಿಯಲಿ ಎಂದು ದೇವರಲ್ಲಿ ಬೇಡಿದ್ದೇನೆ. ಮಗಳಿರುವ ತಾಯಿ ಹೀಗೆ ಬೇಡಬಾರದು ಎಂದು ಗೊತ್ತಿತ್ತು. ಗೊತ್ತಿದ್ದೂ ಬೇಡಿದೆ. ಇಂಥ ಯೋಚನೆ ಬಂದವರು ನೀವೊಬ್ಬರೇ ಅಲ್ಲ ಎಂದು ಹೇಳಲು ಇದನ್ನೂ ಬರೆದಿದ್ದೇನೆ.

ಆಪರೇಷನ್ನಿಗೆ ರಕ್ತ ಹೊಂದಿಸುವ ಕೆಲಸಕ್ಕೆಂದು ಮತ್ತೆ ಮಣಿಪಾಲಕ್ಕೆ ಹೋದಾಗ ಅತ್ತೆಯೂ ಜೊತೆಗೆ ಬಂದರು. ಅವರು ಅದಕ್ಕೆ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಸಣ್ಣ ಡಾಕ್ಟರು ಇನ್ನೂ ಸೋಲು ಒಪ್ಪಿರಲಿಲ್ಲ. ಮಾತ್ರೆ ತಪ್ಪಿತಾ, ಹೊತ್ತಿಗೆ ಸರಿಯಾಗಿ ತೆಗೆದುಕೊಂಡಿರಾ ಎಂದು ನನ್ನನ್ನು ಕೇಳುತ್ತಿದ್ದರು. ನನ್ನ ಬದಲು ಅತ್ತೆ ಉತ್ತರ ಕೊಟ್ಟರು. ಒಂದು ಹೊತ್ತೂ ತಪ್ಪಲಿಲ್ಲ, ಪ್ರತಿಯೊಂದನ್ನೂ ನಾನೇ ಒಡೆದು ಹಾಲಿನಲ್ಲಿ ಕದಡಿ ಕೊಟ್ಟಿದ್ದೇನೆ ಎಂದು ಹೆಮ್ಮೆಯಿಂದಲೇ ಹೇಳಿದರು.

ಸಣ್ಣ ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಹಳದಿ ಔಷಧಿ ಹಾಲಿನ ಜೊತೆ ಸೇರಿದರೆ ಹಾಲಿಗೇ ಅಂಟಿಕೊಂಡು ಹೊರಗೆ ಹೋಗಿಬಿಡುತ್ತದಂತೆ, ಮೈಗೆ ಹತ್ತುವುದಿಲ್ಲವಂತೆ. ಅವರು ಸಿಟ್ಟು ಮಾಡಲಿಲ್ಲ. ಹಾಲು ಕುಡಿಯಬೇಡಿ ಎಂದು ನಾನು ಬಾಯಿಬಿಟ್ಟು ಹೇಳಬೇಕಿತ್ತು ಎಂದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುರ್ಚಿಯ ಕೈಯನ್ನು ಹಿಡಿದಿದ್ದರು. ಬಸ್ಸಿನಲ್ಲಿ ಕಾಪು ಬರುವವರೆಗೂ ಅವರು ಹಾಗೆಯೇ ಕುಳಿತಿದ್ದರು.

ಇನ್ನೊಂದು ಸಲ ಪ್ರಯತ್ನಿಸಲು ಸಣ್ಣ ಡಾಕ್ಟರು ಹಿರಿಯರನ್ನು ಹೇಗೆ ಒಪ್ಪಿಸಿದರೋ ತಿಳಿಯದು. ಆಪರೇಷನ್ ಸ್ವಲ್ಪ ಮುಂದಕ್ಕೆ ಹೋಯಿತು. ಇದೇ ಕೊನೆಯ ಅವಕಾಶ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಚಾತುರ್ಮಾಸ್ಯದ ಮೂರನೆಯ ತಿಂಗಳು ಬಂದಿತ್ತು, ಕ್ಷೀರವ್ರತ. ಈ ತಿಂಗಳು ನಮ್ಮ ಮನೆಯೊಳಗೆ ಹಾಲೇ ಬರುವುದಿಲ್ಲ, ತಪ್ಪು ಮಾಡುತ್ತೇನೆಂದರೂ ಆಗುವುದಿಲ್ಲ ಎಂದು ಅತ್ತೆ ಒಣ ದನಿಯಲ್ಲಿ ಹೇಳಿದರು. ಮೊದಲ ಕ್ಯಾಪ್ಸೂಲನ್ನು ಅವರೇ ನನ್ನ ಅಂಗೈಯಲ್ಲಿಟ್ಟರು. ಒಡೆದಿರಲಿಲ್ಲ. ಅದನ್ನು ಮುಟ್ಟಿದ ಬೆರಳನ್ನು ತೊಳೆಯಲೂ ಹೋಗಲಿಲ್ಲ.

"ಇಡೀ ನುಂಗು ಶಾರದಾ. ಪಾಪ ಅಂತ ಏನಾದರೂ ಇದ್ದರೆ ಅದು ನನಗಿರಲಿ. ನೀನು ಉಳಿದರೆ ಸಾಕು."

ಅಂದಿನಿಂದ ಪಾಚಿಯ ಗಂಜಿ ಬಚ್ಚಲಿನಿಂದ ಅಡುಗೆಮನೆಗೆ ಬಂತು. ಮಾತ್ರೆಗೂ ಗಂಜಿಗೂ ನಡುವೆ ಹೊತ್ತು ಬಿಡಬೇಕು ಎಂದು ಈ ಸಲ ಡಾಕ್ಟರು ಬಿಡಿಸಿ ಹೇಳಿದ್ದರು, ಆ ಹೊತ್ತನ್ನು ಅತ್ತೆ ಕಾಯುತ್ತಿದ್ದರು. ದೇವರ ನೈವೇದ್ಯದ ಅನ್ನ ಇಳಿಸಿದ ಮೇಲೆ ಅದೇ ಒಲೆಯ ಮೇಲೆ ಪುಡಿ ಹಾಕಿ, ಗಂಟಾಗದಂತೆ ತಿರುಗಿಸಿ, ಸ್ವಲ್ಪ ಜೀರಿಗೆ, ಒಂದು ಹರಳು ಉಪ್ಪು ಹಾಕಿ ಇಳಿಸುತ್ತಿದ್ದರು. ಒಂದು ಬಟ್ಟಲು ನನಗೆ. ಇನ್ನೊಂದು ಬಟ್ಟಲನ್ನು ತಮಗೆ ಬಗ್ಗಿಸಿಕೊಂಡು, ನನ್ನ ಎದುರಿಗೆ ಕುಳಿತು, ನಾನು ಕುಡಿಯುವ ಮೊದಲೇ ಕುಡಿದು ಮುಗಿಸುತ್ತಿದ್ದರು. ಹಾಲಿನಲ್ಲಿ ಆದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾರೆ ಎಂದು ನಾನು ತಿಳಿದುಕೊಂಡೆ. ಇವರಿಗೂ ಹಾಗೆಯೇ ಅನಿಸಿತ್ತು. ಏಕಾದಶಿಯ ನಿರಾಹಾರವನ್ನು ಹರೆಯದಿಂದ ಮುರಿಯದ ಹೆಂಗಸು ಕಡಲಿನ ವಾಸನೆಯನ್ನು ಗಂಟಲಿಗೆ ಇಳಿಸುತ್ತಿದ್ದರು. ಅದನ್ನು ನೋಡುತ್ತಾ ನಾನು ಮೂಗು ಮುಚ್ಚುವುದನ್ನು ಬಿಟ್ಟೆ.

ಎರಡು ವಾರ ಮತ್ತೆ ಅದೇ ತುಕ್ಕಿನ ರುಚಿ, ಅದೇ ಕರಿ ನಾಲಿಗೆ. ಆದರೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಬಟ್ಟೆ ಒಣಹಾಕಿ, ಉಷಾಳ ಜಡೆ ಹಾಕುತ್ತಿರುವಾಗ ಏನೋ ಕಡಿಮೆಯಾಗಿದೆ ಎನಿಸಿತು. ಏನು ಎಂದು ಯೋಚಿಸಿದೆ. ನೋವು ಇರಲಿಲ್ಲ. ಎಷ್ಟೋ ವರ್ಷ ಗಡಿಯಾರದ ಸದ್ದಿನಲ್ಲಿ ಬದುಕಿದವರಿಗೆ ಗಡಿಯಾರ ನಿಂತರೆ ಹೇಗಾಗುತ್ತದೋ ಹಾಗೆ. ಯಾರಿಗೂ ಹೇಳಲು ಧೈರ್ಯವಾಗಲಿಲ್ಲ, ದೃಷ್ಟಿಯಾದೀತು ಎಂದು.

ದೀಪಾವಳಿಗೆ ಮೊದಲು ಮೂರನೆಯ ಸಲ ಟ್ಯೂಬ್ ಇಳಿಸಿದರು. ಹುಣ್ಣು ಮಾಯ್ದು ಬಿಳಿ ಕಲೆ ಮಾತ್ರ ಉಳಿದಿತ್ತು. ಚೂರು ತೆಗೆದು ನೋಡಿದಾಗ ಕ್ರಿಮಿ ಕಾಣಲಿಲ್ಲ. ಹಿರಿಯ ಡಾಕ್ಟರು ತಾವೇ ಬಂದು ಇನ್ನು ಚಾಕು ಬೇಡ ಎಂದರು. ಪಾಚಿಯಿಂದ ಎಷ್ಟು ಆಯಿತು, ಮಾತ್ರೆಯಿಂದ ಎಷ್ಟು ಎಂದು ಸಣ್ಣ ಡಾಕ್ಟರನ್ನು ಕೇಳಿದೆ. ಕೊಂದದ್ದು ಮಾತ್ರೆ ಎಂದು ನನ್ನ ಲೆಕ್ಕ, ಪಾಚಿ ನಿಮಗೆ ತಡೆದುಕೊಳ್ಳುವ ಶಕ್ತಿ ಕೊಟ್ಟಿರಬಹುದು, ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ ಎಂದರು. ಈಗಲೂ ಯಾರಾದರೂ ಪಾಚಿಯ ಬಗ್ಗೆ ಕೇಳಿದರೆ ನಾನು ಇದೇ ಮಾತನ್ನು ಹೇಳುತ್ತೇನೆ. ಅಂದು ಬಸ್ಸಿನಲ್ಲಿ ಇವರ ಭುಜಕ್ಕೆ ಒರಗಿ ಎಲ್ಲರೂ ನೋಡುವ ಹಾಗೆ ಅತ್ತುಬಿಟ್ಟೆ. ಸುಖ ಎಂದರೆ ಏನು ಎಂದು ಯಾರಾದರೂ ಕೇಳಿದ್ದರೆ ಆ ಬಸ್ಸು ತೋರಿಸುತ್ತಿದ್ದೆ.

ಡಬ್ಬಿಯ ತಳದಲ್ಲಿ ಸ್ವಲ್ಪ ಪುಡಿ ಉಳಿದಿತ್ತು. ಇನ್ನು ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಮಾರನೆಯ ಬೆಳಿಗ್ಗೆ ಅದನ್ನು ತೆಂಗಿನ ಬುಡಕ್ಕೆ ಸುರಿಯಲು ಹೊರಟೆ. ಹಿಂದಿನಿಂದ ಅತ್ತೆ ಕರೆದರು. ಅವರು ಬಾಗಿಲಿನ ದಾರಂದ ಹಿಡಿದು ನಿಂತಿದ್ದರು.

"ಚೆಲ್ಲಬೇಡ ಮಗಾ. ಅದು ಕುಡಿದ ದಿನ ನನಗೆ ಉರಿ ಸ್ವಲ್ಪ ಕಡಿಮೆ ಉಂಟು."

ಯಾವ ಉರಿ ಎಂದು ಕೇಳಲಿಲ್ಲ. ಅವರ ಕೈ ಎದೆಗೂಡು ಮುಗಿಯುವಲ್ಲಿತ್ತು. ಬೆಳಕಿನಲ್ಲಿ ಅವರನ್ನು ಅಂದು ನೋಡಿದೆ. ಕೊರಳೆಲುಬಿನ ಮೇಲೆ ಸೀರೆ ನಿಲ್ಲುತ್ತಿರಲಿಲ್ಲ. ಒಪ್ಪೊತ್ತು, ಉಪವಾಸ, ಇವತ್ತು ಗುರುವಾರ, ನಾಡಿದ್ದು ಶನಿವಾರ ಎಂದು ಎಲೆಯಿಂದ ಬೇಗ ಏಳುತ್ತಿದ್ದ ಅತ್ತೆಗೆ ನಾವೆಲ್ಲ ವ್ರತನಿಷ್ಠೆ ಎಂದು ಕೈ ಮುಗಿದಿದ್ದೆವು. ಉಪವಾಸ ಎಂದರೆ ಯಾಕೆ ಉಣ್ಣುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ಸೊಸೆಯ ಹೊಟ್ಟೆಗೆ ಹಾಲು ಕಾಯಿಸುತ್ತಾ ಅವರು ತಮ್ಮ ಹೊಟ್ಟೆಯನ್ನು ಪಂಚಾಂಗದ ಹಿಂದೆ ಅಡಗಿಸಿಟ್ಟಿದ್ದರು.

ಮತ್ತೆ ಮಣಿಪಾಲ. ಈ ಸಲ ಬೆಂಚಿನ ಮೇಲೆ ಅವರು ಮಲಗಿದರು, ನಾನು ಗೋಡೆಗೆ ಒರಗಿ ನಿಂತೆ. ಎಷ್ಟು ಸಮಯದಿಂದ ನೋವು ಉಂಟು ಅಮ್ಮ ಎಂದು ಸಣ್ಣ ಡಾಕ್ಟರು ಕೇಳಿದರು. ಅತ್ತೆ ಇವರ ಕಡೆ ಒಮ್ಮೆ ನೋಡಿ, ಇವನು ಹುಟ್ಟುವ ಮೊದಲಿನಿಂದ ಎಂದರು. ಹೇಳಿದ್ದರೆ ಏನಾಗುತ್ತಿತ್ತು ಎಂದು ಇವರು ಜೋರಾಗಿಯೇ ಕೇಳಿಬಿಟ್ಟರು. ಹೊಟ್ಟೆನೋವು ಅಂತ ಯಾರಾದರೂ ಹೇಳಿಕೊಂಡು ತಿರುಗುತ್ತಾರಾ ಎಂದು ಅತ್ತೆ ನಾಚಿಕೆಯಿಂದ ನಕ್ಕರು.

ಟ್ಯೂಬ್ ಇಳಿಸುವಾಗ ನಾನು ಅವರ ಹಣೆಯ ಮೇಲೆ ಕೈಯಿಟ್ಟಿದ್ದೆ. ಅವರು ಒಮ್ಮೆಯೂ ಓಕರಿಸಲಿಲ್ಲ. ಅವರದು ಹುಣ್ಣಾಗಿ ಉಳಿದಿರಲಿಲ್ಲ, ಗಡ್ಡೆಯಾಗಿತ್ತು, ಬೆಳಿಗ್ಗೆ ತೆಗೆದ ಸ್ಕ್ಯಾನಿನಲ್ಲಿ ಯಕೃತ್ತಿನವರೆಗೆ ಹಬ್ಬಿದ್ದು ಕಂಡಿತ್ತು. ಸಣ್ಣ ಡಾಕ್ಟರು ನಮ್ಮಿಬ್ಬರಿಗೂ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು, ಅತ್ತೆಗೆ ತಿಳಿಯದಿರಲಿ ಎಂದು. ಮಾತ್ರೆ, ಆಪರೇಷನ್ ಯಾವುದೂ ಇನ್ನು ಉಪಯೋಗಕ್ಕೆ ಬರುವುದಿಲ್ಲ ಎಂದು ಹೇಳುವಾಗ ಅವರ ಕಣ್ಣು ಮೇಜಿನ ಮೇಲಿತ್ತು. ಇವರು ಎದ್ದು ಕಾರಿಡಾರಿಗೆ ಹೋದರು.

ಅತ್ತೆ ನನ್ನ ಕೈ ಎಳೆದು ಹತ್ತಿರ ಕರೆದರು. ಗಂಟಲು ಇನ್ನೂ ಮರಗಟ್ಟಿತ್ತು, ಮಾತು ತೊದಲುತ್ತಿತ್ತು.

"ನಿನಗೆ ಆದ ಹಾಗೆ ನನಗೂ ಆಗ್ತದಾ ಶಾರದಾ, ಆ ಗಂಜಿಯಲ್ಲಿ?"

"ಆಗ್ತದೆ ಅತ್ತೆ," ಎಂದೆ.

ಬೇಸಿಗೆ ಮುಗಿಯುವವರೆಗೂ ಅವರು ಇದ್ದರು. ಪುಡಿ ಮುಗಿದ ಮೇಲೆ ನಾನು ಇಳಿತದ ಹೊತ್ತು ನೋಡಿಕೊಂಡು ಬಂಡೆಗಳ ಮೇಲೆ ಹೋಗಿ ಪಾಚಿ ಕಿತ್ತು ತಂದು, ಏಳು ನೀರಿನಲ್ಲಿ ತೊಳೆದು ಅಂಗಳದಲ್ಲಿ ಒಣಗಿಸುತ್ತಿದ್ದೆ. ಕೊನೆಕೊನೆಗೆ ಅನ್ನ ಇಳಿಯುತ್ತಿರಲಿಲ್ಲ, ನೀರೂ ಇಳಿಯುತ್ತಿರಲಿಲ್ಲ, ಅದೊಂದು ಎರಡು ಚಮಚ ಇಳಿಯುತ್ತಿತ್ತು. ಪ್ರತಿದಿನ ಚಮಚ ಬಾಯಿಯ ಹತ್ತಿರ ತಂದಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನಿನ್ನೆಗಿಂತ ಇವತ್ತು ಬಣ್ಣ ಬಂದಿದೆ ಎನ್ನುತ್ತಿದ್ದೆ. ಅವರು ನಂಬಿದವರಂತೆ ಬಾಯಿ ತೆರೆಯುತ್ತಿದ್ದರು.